ಬಟಾಣಿ: ಬಿಡಿಸಿಡೋದಾ, ಪ್ಯಾಕೆಟ್ಟಾ, ಒಣಗಿದ್ದಾ?

ಪುಣೆಗೆ ಹೊಸದಾಗಿ ಬಂದ ನಾದಿನಿ ಕೇಳಿದಳು: ಫ್ರೀಜರ್‌ನಲ್ಲಿ ಹಸಿ ಬಟಾಣಿ ತುಂಬಿಡಲಾ, ಬೇಕಾದಾಗ ಫ್ರೋಜನ್ ಪ್ಯಾಕೆಟ್ ತರಲಾ, ಒಣ ಬಟಾಣಿಯೇ ಸಾಕಾ?

ಮೊದಲು ದುಡ್ಡು. ಡಿಸೆಂಬರ್, ಜನವರಿಯಲ್ಲಿ ಮಂಡಈ (ಇಲ್ಲಿನ ತರಕಾರಿ ಮಾರುಕಟ್ಟೆ) ತುಂಬ ಬಟಾಣಿ, ಬೆಲೆಯೂ ಕಡಿಮೆ. ಆದರೆ 1 ಕಿಲೋ ಕಾಯಿ ಬಿಡಿಸಿದರೆ ಕಾಳು ಸಿಗೋದು ಹೆಚ್ಚುಕಡಿಮೆ ಅರ್ಧ ಕಿಲೋ. ಕಾಯಿಯ ಬೆಲೆಯನ್ನು ಎರಡರಷ್ಟು ಮಾಡಿಯೇ ಪ್ಯಾಕೆಟ್‌ಗೆ ಹೋಲಿಸಬೇಕು. ನಾನು ಇದನ್ನು ಮರೆತು ಒಮ್ಮೆ ಏಪ್ರಿಲ್‌ನಲ್ಲಿ 5 ಕಿಲೋ ತಂದೆ. ಸುಮ್ನೆ ಬೆರಳು ನೋವು, ಅಷ್ಟೇ ಲಾಭ.

ಕೆಲಸವೂ ಜಾಸ್ತಿ. ಕಾಳನ್ನು ಕುದಿಯುವ ನೀರಲ್ಲಿ 2 ನಿಮಿಷ ಬಿಟ್ಟು, ತಕ್ಷಣ ಐಸ್ ನೀರಿಗೆ ಹಾಕಬೇಕು. ಬಟ್ಟೆಯ ಮೇಲೆ ಆರಿಸಿ, ತಟ್ಟೆಯಲ್ಲಿ ಹರಡಿ ಫ್ರೀಜರ್‌ನಲ್ಲಿಟ್ಟು, ಗಟ್ಟಿಯಾದ ಮೇಲೆ ಚೀಲಕ್ಕೆ. ಕುದಿನೀರಿಗೆ ಹಾಕದೆ ಹಾಗೇ ತುಂಬಿದರೆ ದಿನ ಕಳೆದಂತೆ ಬಣ್ಣ, ರುಚಿ ಎರಡೂ ಕೆಡುತ್ತವೆ.

ಫ್ರೀಜರ್ ಮೈನಸ್ 18 ಡಿಗ್ರಿ ಇರುವ ಡಬಲ್ ಡೋರ್ ಫ್ರಿಜ್ ಇದ್ದರೆ, ಮನೆಮಂದಿ ವಾರಕ್ಕೆರಡು ಸಲ ಪಲಾವ್ ಕೇಳಿದರೆ, ಬಿಡಿಸಿಡೋದೇ ಸರಿ. ಸಿಂಗಲ್ ಡೋರ್‌ನ ಪುಟ್ಟ ಫ್ರೀಜರ್, ಇಬ್ಬರೇ ಜನ ಅಂದರೆ ಸಣ್ಣ ಪ್ಯಾಕೆಟ್ ಸಾಕು. ಉಸಳ್, ರಗಡಾದಂಥ ಇಲ್ಲಿನ ಕಾಳಿನ ಪಲ್ಯ, ಗಸಿಗಳಿಗೆ ಒಣ ಬಟಾಣಿ ರಾತ್ರಿ ನೆನೆಸಿದರಾಯಿತು, ಫ್ರೀಜರ್ ಬೇಕೇ ಇಲ್ಲ. ಪಲಾವ್‌ಗೆ ಮಾತ್ರ ಅದು ಹೊಂದಲ್ಲ.