ಡ್ರೋನ್‌ಗೆ ಹಣ ಕೊಡುವ ಮುನ್ನ ಲ್ಯಾಪ್‌ಟಾಪ್ ಜೋಡಿಸಿ ನೋಡಿ

ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಲು ಡ್ರೋನ್ ಕೊಳ್ಳಬೇಕೆಂದಿರುವವರು ಇದನ್ನು ಓದಿಯೇ ಮುಂದುವರಿಯಿರಿ. ಮರ ಹತ್ತುವ ಕೊನೆಗೌಡರು ಸಿಗುತ್ತಿಲ್ಲ, ದೋಟಿ ಹಿಡಿದು ಕತ್ತು ಬಿದ್ದುಹೋಗುತ್ತದೆ, ಕೊಳೆರೋಗ ಕಾಯುವುದಿಲ್ಲ. ಹಾಗಾಗಿ ನೆರೆಯ ಕೆಲವು ಮನೆಯವರು ಸೇರಿ ಹತ್ತು ಲೀಟರ್ ಟ್ಯಾಂಕಿನದೊಂದನ್ನು ತಂದೆವು. ಮಾರಿದವನು ಗದ್ದೆ ಬಯಲಿನಲ್ಲಿ ಖಾಲಿ ಟ್ಯಾಂಕಿನೊಂದಿಗೆ ಹಾರಿಸಿ ತೋರಿಸಿದ್ದ. ಸ್ವಿಚ್ ಒತ್ತಿದ ಕೂಡಲೇ ತಕರಾರಿಲ್ಲದೆ ಎದ್ದಿತ್ತು.

ತೋಟದಲ್ಲಿ ತುಂಬಿದ ಟ್ಯಾಂಕಿನೊಂದಿಗೆ ಮೇಲೇರಿದ್ದೇ ತಡ, ಗಾಣದ ಎತ್ತಿನಂತೆ ಸುತ್ತತೊಡಗಿತು. ಆಮೇಲೆ ತಾನಾಗಿಯೇ ಇಳಿಯಿತು, ಅದೂ ಸೋಗೆಗಳ ಮೇಲೆ. ತೋಳುಗಳು ಮುರಿದವು, ಮೈಲುತುತ್ತದ ನೀರು ಬ್ಯಾಟರಿಗೆ ಸುರಿಯಿತು. ಫೋನ್ ಮಾಡಿದರೆ ಸಿದ್ಧ ಉತ್ತರ: "ಗಾಳಿ ಇತ್ತು, ನಿಮ್ಮವರಿಗೆ ಹಾರಿಸಲು ಬರುವುದಿಲ್ಲ."

ಹಾರಾಟ ನಿಯಂತ್ರಿಸುವ ಕಂಟ್ರೋಲರ್ ಪಿಕ್ಸ್‌ಹಾಕ್ ಎಂಬುದರ ನಕಲು, ಒಳಗಿನ ತಂತ್ರಾಂಶ ಆರ್ಡುಪೈಲಟ್. ಪುಣ್ಯಕ್ಕೆ ಆರ್ಡುಪೈಲಟ್ ಹಾರಾಟದ ಲೆಕ್ಕವನ್ನೆಲ್ಲ ಎಸ್‌ಡಿ ಕಾರ್ಡಿನಲ್ಲಿ ಬರೆದಿಡುತ್ತದೆ. ಲ್ಯಾಪ್‌ಟಾಪ್‌ನ ಮಿಷನ್ ಪ್ಲಾನರ್ ಎಂಬ ತಂತ್ರಾಂಶದಲ್ಲಿ ಆ ದಾಖಲೆ, ಅಂದರೆ ಲಾಗ್ ತೆರೆದೆವು. ಥ್ರಾಟಲ್‌ನ (ಮೋಟರ್‌ಗಳಿಗೆ ಕೊಡುವ ಬಲದ) ಗೆರೆ ಏರಿದಂತೆಲ್ಲ ಕಂಪಾಸ್ ಅಳೆದ ಕಾಂತಕ್ಷೇತ್ರದ ಗೆರೆಯೂ ಏರುತ್ತಿತ್ತು. ಬಳಿಕ ದೋಷ 16, ಅಂದರೆ ಡ್ರೋನ್ ಎಲ್ಲಿದೆ, ಎತ್ತ ತಿರುಗಿದೆ ಎಂದು ಲೆಕ್ಕ ಹಾಕುವ ಇಕೆಎಫ್‌ಗೆ ತನ್ನ ಲೆಕ್ಕದ ಮೇಲೆಯೇ ನಂಬಿಕೆ ಹೋಗಿದೆ. ಅದರ ಬೆನ್ನಿಗೇ 17, ಅಂದರೆ ಅದಕ್ಕಾಗಿ ರಕ್ಷಣಾ ಕ್ರಮ ಶುರು, ಮತ್ತು ತಾನಾಗಿ ಇಳಿಯುವ 'ಲ್ಯಾಂಡ್' ಮೋಡ್. ತಪ್ಪು ಗಾಳಿಯದೂ ಅಲ್ಲ, ಹಾರಿಸಿದವನದೂ ಅಲ್ಲ. ಮುಚ್ಚಳ ಬಿಚ್ಚಿದರೆ, ವಿದ್ಯುತ್ ಹರಿದಾಗ ಕಾಂತಕ್ಷೇತ್ರ ಎಬ್ಬಿಸುವ ಬ್ಯಾಟರಿಯ ದಪ್ಪ ತಂತಿಗಳು ಕಂಟ್ರೋಲರ್‌ಗೆ ತಾಗಿಕೊಂಡೇ ಹಾದಿದ್ದವು. ಕಂಪಾಸ್ ಇರುವ ಜಿಪಿಎಸ್ ಕಂಬವನ್ನೂ ಮಡಚಿ ಮಾರಿದವನು ಪ್ಲಾಸ್ಟಿಕ್ ಪಟ್ಟಿಯಿಂದ ಅವಕ್ಕೇ ಬಿಗಿದಿದ್ದ.

ನನಗೆ ಸಿಟ್ಟು ನೆತ್ತಿಗೇರಿದ್ದು ಪ್ಯಾರಾಮೀಟರ್ (ಡ್ರೋನ್‌ನ ಸೆಟ್ಟಿಂಗ್) ಪಟ್ಟಿ ನೋಡಿದಾಗ. 'ಆರ್ಮಿಂಗ್ ಚೆಕ್' ಎಂಬಲ್ಲಿ 0 ಇತ್ತು. ಹಾರುವ ಮೊದಲು ಕಂಪಾಸ್, ಜಿಪಿಎಸ್, ಬ್ಯಾಟರಿ ಎಲ್ಲವನ್ನೂ ಪರೀಕ್ಷಿಸುವ ವ್ಯವಸ್ಥೆ ಅದು. 1 ಇದ್ದರೆ ಎಲ್ಲ ಪರೀಕ್ಷೆ, 0 ಇದ್ದರೆ ಯಾವುದೂ ಇಲ್ಲ. ನಾವು 1 ಮಾಡಿದ ಕ್ಷಣವೇ ಪರದೆಯ ಮೇಲೆ ಕೆಂಪಕ್ಷರ: ಕಂಪಾಸ್‌ಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಸೊನ್ನೆ ತಾನಾಗಿ ಬರುವುದಿಲ್ಲ, ಯಾರೋ ಕೂತು ಹಾಕಬೇಕು.

ಆದ್ದರಿಂದ ಕೊಳ್ಳುವಾಗ ಯುಎಸ್‌ಬಿ ತಂತಿಯೊಂದಿಗೆ ಲ್ಯಾಪ್‌ಟಾಪ್ ಒಯ್ಯಿರಿ. ಮಿಷನ್ ಪ್ಲಾನರ್ ಉಚಿತ. ಆರ್ಮಿಂಗ್ ಚೆಕ್ ನೋಡಿ. ಬ್ಯಾಟರಿ ಇಳಿದಾಗ ಏನು ಮಾಡಬೇಕೆಂಬ ಜಾಗದಲ್ಲೂ 0 ಇದ್ದರೆ ಅದು ಎಚ್ಚರಿಸುವುದಷ್ಟೇ, ಬೇರೇನೂ ಮಾಡುವುದಿಲ್ಲ. ಡ್ರೋನ್ ತಾನಾಗಿ ಮರಳಿ ಬರುವಾಗಿನ ಎತ್ತರ, ಯಾರೂ ಬದಲಿಸದಿದ್ದರೆ, 15 ಮೀಟರ್, ಅದೂ ಹೊರಟ ಜಾಗದಿಂದ ಅಳೆದದ್ದು. ಇಳಿಜಾರಿನ ಕೆಳಗೆ ಔಷಧಿ ಹೊಡೆಯುತ್ತಿದ್ದ ಡ್ರೋನ್ ಅಷ್ಟೇ ಏರಿ ಮನೆಯತ್ತ ಹೊರಟರೆ, ನಡುವಿನ ಹಳೆಯ ಅಡಿಕೆ ಮರಕ್ಕೆ ಬಡಿಯುತ್ತದೆ. ತುಂಬಿದ ಟ್ಯಾಂಕಿನೊಂದಿಗೇ ಹಾರಿಸಲು ಹೇಳಿ, ಆ ಲಾಗ್ ಕೇಳಿ ಪಡೆಯಿರಿ. ಕೊಡಲು ಹಿಂಜರಿದರೆ ಎದ್ದು ಬನ್ನಿ.

ಕಾಗದಪತ್ರವನ್ನೂ ಬಾಯಿಮಾತಿಗೆ ಬಿಡಬೇಡಿ. 2021ರ ಡ್ರೋನ್ ನಿಯಮಗಳಲ್ಲಿ 2ರಿಂದ 25 ಕಿಲೋವರೆಗಿನದು 'ಸಣ್ಣ' ವರ್ಗ. ಅದಕ್ಕೆ ಗುರುತಿನ ಸಂಖ್ಯೆ ಬೇಕು, ಹಾರಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು.

ರಿಪೇರಿಗೆ ಕೊಡುವ ಮುನ್ನ ಎಸ್‌ಡಿ ಕಾರ್ಡನ್ನು ತೆಗೆದಿಟ್ಟುಕೊಳ್ಳಿ, ಪ್ಯಾರಾಮೀಟರ್ ಪಟ್ಟಿಯನ್ನು ಕಡತವಾಗಿ ಉಳಿಸಿಕೊಳ್ಳಿ. ಲಾಗ್ ಕಳುಹಿಸಿದ ಮೇಲೆ ನಮಗೆ ಹೊಸ ತೋಳುಗಳೂ ಉದ್ದನೆಯ ಜಿಪಿಎಸ್ ಕಂಬವೂ ಬಂದವು. ಬ್ಯಾಟರಿಯ ಹಣ ಮಾತ್ರ ಇನ್ನೂ ಬಂದಿಲ್ಲ.