ನಾಯಿಯ ಔಷಧವನ್ನು ಬೆಕ್ಕಿಗೆ ‘ಅರ್ಧ ಹಾಕಿ’ ಎಂದರೆ ನಂಬಬೇಡಿ

ಶಿರಸಿ ಪೇಟೆಯಲ್ಲಿ ಬೆಕ್ಕಿಗೆ ಔಷಧ ಕೊಳ್ಳುವವರು ದಯವಿಟ್ಟು ಇದನ್ನು ಓದಬೇಕು. ಹಾಲಿನ ಪ್ಯಾಕೆಟ್ಟಿನ ತಾರೀಕನ್ನೂ ಬಿಡದೆ ಓದುವ ನಾನೇ ಮೋಸಹೋದೆನೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಮಳೆ ಹಿಡಿದ ಮೇಲೆ ನಮ್ಮ ಪುಟ್ಟಿಗೆ ಚಿಗಟ ಹೆಚ್ಚಾಗಿ, ಕುತ್ತಿಗೆಯ ಕೂದಲು ಉದುರುವಷ್ಟು ಕೆರೆದುಕೊಳ್ಳುತ್ತಿತ್ತು. ಬೆಕ್ಕಿಗೆ ಎಂದು ಸ್ಪಷ್ಟವಾಗಿ ಹೇಳಿಯೇ ಚರ್ಮದ ಮೇಲೆ ಹಾಕುವ ಹನಿ ಔಷಧ ಕೇಳಿದೆ. ಅಂಗಡಿಯವರು ಡಬ್ಬಿಯಿಂದ ಒಂದೇ ಒಂದು ಕೊಳವೆಯನ್ನು ತೆಗೆದುಕೊಟ್ಟು, ಡಬ್ಬಿಯನ್ನು ಒಳಗಿಟ್ಟು, “ಇದು ನಾಯಿದು, ಆದ್ರೆ ಎಂತಾ ಆಗೋದಿಲ್ಲ ಅಕ್ಕಾ, ಬೆಕ್ಕಿಗೆ ಅರ್ಧ ಹಾಕಿ” ಎಂದರು. ಡಬ್ಬಿ ತೋರಿಸಿ ಎನ್ನಬೇಕಿತ್ತು. ಎನ್ನಲಿಲ್ಲ. ಬಿಲ್ಲನ್ನೂ ಕೇಳಲಿಲ್ಲ.

ಸಂಜೆ ಹಾಕಿದೆ. ರಾತ್ರಿ ಊಟದ ಹೊತ್ತಿಗೆ ಪುಟ್ಟಿಯ ಕಿವಿಗಳು ಅದುರತೊಡಗಿದವು, ಆಮೇಲೆ ಜೊಲ್ಲು, ಆಮೇಲೆ ನಾಲ್ಕೂ ಕಾಲು ಸೆಟೆದು ಮೈಯೆಲ್ಲ ನಡುಕ. ಪಶುವೈದ್ಯರು ಫೋನಿನಲ್ಲಿಯೇ, ಪಾತ್ರೆ ತೊಳೆಯುವ ಸೋಪು ಹಚ್ಚಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ತಕ್ಷಣ ತರಲು ಹೇಳಿದರು. ಕೊಳವೆಯ ಮೇಲಿನ ಇರುವೆಯಂಥ ಅಕ್ಷರಗಳನ್ನು ಅವರು ಮೊಬೈಲ್ ಬೆಳಕಿನಲ್ಲಿ ನನ್ನಿಂದಲೇ ಓದಿಸಿದರು: ಪರ್ಮೆಥ್ರಿನ್, ಚಿಗಟ ಕೊಲ್ಲುವ ಕೀಟನಾಶಕ. ನಾಯಿಯ ಯಕೃತ್ತು ಅದನ್ನು ಒಡೆದು ಹೊರಹಾಕುತ್ತದೆ, ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ಸಾಲದು. ಆದ್ದರಿಂದ ಅರ್ಧ, ಕಾಲು ಎಂಬ ಲೆಕ್ಕವೇ ಇಲ್ಲಿಲ್ಲ. ಎರಡು ರಾತ್ರಿ ಸಲೈನು, ಇಂಜೆಕ್ಷನ್ನು. 3 ಕೆ.ಜಿ. ತೂಕದ ಜೀವ ಹೇಗೋ ಉಳಿಯಿತು.

ಮರುವಾರ ಅಂಗಡಿಗೆ ಹೋದೆ. ಮೊದಲು “ಬೆಕ್ಕು ನೆಕ್ಕಿರ್ಬೇಕು” ಎಂದರು. ಆಮೇಲೆ “ನಾಯಿದು ಅಂತ ಹೇಳೇ ಕೊಟ್ಟಿದ್ದೆ, ಹಾಕಿದವ್ರು ನೀವು” ಎಂದರು. ಅರ್ಧ ಹಾಕಿ ಎಂದವರು ಯಾರು ಎಂದರೆ, “ಎಷ್ಟೋ ಜನ ಒಯ್ದಿದ್ದಾರೆ, ಒಬ್ರೂ ಬಂದು ಹೇಳ್ಲಿಲ್ಲ” ಎಂಬ ಉತ್ತರ! ಬೆಕ್ಕು ಸತ್ತರೆ ತೋಟದ ಮೂಲೆಯಲ್ಲಿ ಹೂಳುತ್ತಾರೆಯೇ ಹೊರತು ಅಂಗಡಿಗೆ ಬಂದು ಯಾರು ಹೇಳುತ್ತಾರೆ? ಕೊನೆಗೆ, “ಬಿಲ್ ಉಂಟಾ?” ಅಲ್ಲಿಗೆ ನನ್ನ ಬಾಯಿ ಮುಚ್ಚಿತು. ಅದೇ ಡಬ್ಬಿ ಗಾಜಿನ ಕಪಾಟಿನಲ್ಲಿತ್ತು. ಅದರ ಮೇಲೆ ಬೆಕ್ಕಿನ ಚಿತ್ರಕ್ಕೆ ಅಡ್ಡಗೆರೆ ಎಳೆದಿದ್ದುದು ನಾನು ನಿಂತಲ್ಲಿಂದಲೇ ಕಾಣುತ್ತಿತ್ತು.

ಬಿಡಿ ಕೊಳವೆ ಕೊಳ್ಳಬೇಡಿ. ಬೆಕ್ಕಿನದೇ ಔಷಧವನ್ನು, ತೂಕ ನೋಡಿ, ವೈದ್ಯರನ್ನು ಕೇಳಿ ಹಾಕಿ. ಮನೆಯ ನಾಯಿಗೆ ಪರ್ಮೆಥ್ರಿನ್ ಹಾಕಿದ್ದರೆ ಅದು ಪೂರ್ತಿ ಒಣಗುವವರೆಗೆ ಬೆಕ್ಕನ್ನು ಅದರ ಮಗ್ಗುಲಿಗೆ ಬಿಡಬೇಡಿ. ಬಿಲ್ಲನ್ನಂತೂ ಕೇಳಿಯೇ ಪಡೆಯಿರಿ. ನನ್ನ ಬಳಿ ಇರುವುದು ಆ ಖಾಲಿ ಕೊಳವೆ ಮಾತ್ರ.