ದೇವಿಕೆರೆ ಹತ್ತಿರದ ಸ್ಟ್ಯಾಟಿಸ್ಟಿಕ್ಸ್ ಟ್ಯೂಷನ್: ಕವಡೆ, ಅಡಿಕೆ ಮತ್ತು ನನ್ನ ಮಗಳು

ಮಗಳು ಈ ಮಾರ್ಚ್‌ನಲ್ಲಿ ಸೆಕೆಂಡ್ ಪಿಯುಸಿ ಕಾಮರ್ಸ್ ಮುಗಿಸಿದಳು. ಸ್ಟ್ಯಾಟಿಸ್ಟಿಕ್ಸ್ ಟ್ಯೂಷನ್ ಎಲ್ಲಿಗೆ ಕಳಿಸಿದ್ದಿರಿ ಎಂದು ಊರಲ್ಲಿ ನಾಲ್ಕಾರು ಜನ ಕೇಳಿದರು. ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬೇರೆ ಕಡೆ ಕಳಿಸಿದ್ದೆವು. ಅಲ್ಲಿ ಪಾಠ ಶುರುವಾಗುವುದೇ ಸೂತ್ರದಿಂದ. ಫಸ್ಟ್ ಪಿಯುಸಿಯ ಡಿಸೆಂಬರ್ ಹೊತ್ತಿಗೆ ಅವಳ ನೋಟ್‌ಬುಕ್ ತುಂಬಿತ್ತು. ಆದರೆ ‘ರ‍್ಯಾಂಡಮ್ ವೇರಿಯೇಬಲ್ ಅಂದ್ರೆ ಏನು ತಂಗೀ’ ಎಂದು ಕೇಳಿದರೆ ‘ಎಕ್ಸ್ ಅಪ್ಪಾ’ ಎನ್ನುತ್ತಿದ್ದಳು. ಅದರಾಚೆಗೆ ಮಾತಿಲ್ಲ. ರಾತ್ರಿ ಪುಸ್ತಕ ಮುಚ್ಚಿ ಅತ್ತದ್ದೂ ಇದೆ. ಜನವರಿಯಲ್ಲಿ ಅಲ್ಲಿಂದ ಬಿಡಿಸಿ ದೇವಿಕೆರೆ ಹತ್ತಿರದ ಈ ಅಕ್ಕೋರ ಮನೆಗೆ ಸೇರಿಸಿದೆ.

ಅಕ್ಕೋರು ಕಾಲೇಜಿನಲ್ಲಿ ಕಲಿಸಿ ನಿವೃತ್ತರಾದವರು. ಮನೆಯ ಜಗಲಿಯಲ್ಲೇ ಕ್ಲಾಸ್. ಹನ್ನೊಂದು ಮಕ್ಕಳು, ಒಂದು ಕರಿಹಲಗೆ. ನಾನು ವಖಾರಿ ಕೆಲಸ ಮುಗಿಸಿ ಮಗಳನ್ನು ಕರೆದೊಯ್ಯಲು ಬಂದರೆ, ಹೊರಗೆ ನಿಲ್ಲಬೇಡಿ ಎಂದು ಬೆಂಚ್ ತೋರಿಸುತ್ತಿದ್ದರು. ಹಾಗಾಗಿ ಎಷ್ಟೋ ಪಾಠ ನನ್ನ ಕಿವಿಗೂ ಬಿತ್ತು.

ಮೊದಲ ದಿನ ನಾಲ್ಕು ಕವಡೆ ತರಲು ಹೇಳಿದರು. ಅಮ್ಮನ ಚೌಕಾಬಾರಾ ಕವಡೆ ಕೊಟ್ಟು ಕಳಿಸಿದೆವು. ಒಂದು ಕವಡೆ ಬಾಯಿ ಮೇಲಾಗಿ ಬಿದ್ದರೆ ಒಂದು, ಎರಡಾದರೆ ಎರಡು, ಮೂರಾದರೆ ಮೂರು, ನಾಲ್ಕೂ ಮೇಲಾದರೆ ನಾಲ್ಕು. ಎಲ್ಲವೂ ಮಗುಚಿ ಬಿದ್ದರೆ ಎಂಟು. ನಮ್ಮ ಮನೆಯ ಲೆಕ್ಕ ಇದು. ಅಕ್ಕೋರು ಹೇಳಿದ್ದು ಇಷ್ಟೇ: ‘ಕವಡೆ ಬೀಳುವುದು ಘಟನೆ. ಅದಕ್ಕೆ ಇಂತಿಷ್ಟು ಮನೆ ಅಂತ ಅಂಕಿ ಕೊಡುವ ನಿಯಮ ಇದೆಯಲ್ಲ, ಅದೇ ರ‍್ಯಾಂಡಮ್ ವೇರಿಯೇಬಲ್.’ ಮಗಳ ಮುಖ ಅರಳಿದ್ದು ನನಗೆ ಇವತ್ತಿಗೂ ನೆನಪಿದೆ. ಎಲ್ಲ ಮಗುಚಿದರೆ ಸೊನ್ನೆ ಅಲ್ಲ, ಎಂಟು. ಆ ಎಂಟನ್ನು ಕೊಟ್ಟದ್ದು ಕವಡೆ ಅಲ್ಲ, ನಾವು!

ಆಮೇಲೆ ಕೋಷ್ಟಕ ಬರೆಸಿದರು. ನಾಲ್ಕು ಕವಡೆ ಬೀಳುವ ರೀತಿ 16. ಅದರಲ್ಲಿ ಒಂದಕ್ಕೆ 4, ಎರಡಕ್ಕೆ 6, ಮೂರಕ್ಕೆ 4, ನಾಲ್ಕಕ್ಕೆ 1, ಎಂಟಕ್ಕೆ 1. ಇದೇ ಪ್ರಾಬಬಿಲಿಟಿ ಡಿಸ್ಟ್ರಿಬ್ಯೂಷನ್. ಸರಾಸರಿ ತೆಗೆದರೆ 2.5 ಬರುತ್ತದೆ. ‘ಎರಡೂವರೆ ಮನೆ ಯಾವತ್ತೂ ಬೀಳುವುದೇ ಇಲ್ಲವಲ್ಲ’ ಎಂದು ಮಗಳು ಕೇಳಿದಳು. ಸರಿ, 40 ಸಲ ಎಸೆದು ನೋಡಿ ಎಂದರು. ಲೆಕ್ಕದ ಪ್ರಕಾರ ಒಟ್ಟು 100 ಬರಬೇಕು. 93 ಬಂತು. ಬೇರೆ ಮಕ್ಕಳಿಗೆ 104, 98. ಸರಾಸರಿ ಅಂದರೆ ಒಂದು ಎಸೆತದ ಮಾತಲ್ಲ ಎಂದು ಮಕ್ಕಳೇ ಹೇಳಿದರು.

ನನಗೆ ತುಂಬಾ ಹಿಡಿಸಿದ್ದು ಅದರ ಮುಂದಿನದು. ಆ 16ರ ಲೆಕ್ಕ ಸರಿಯಾಗಬೇಕಾದರೆ ಕವಡೆ ಎರಡೂ ಕಡೆ ಸಮನಾಗಿ ಬೀಳಬೇಕು. ಕವಡೆ ನಾಣ್ಯ ಅಲ್ವಲ್ಲ? ಬೆನ್ನು ಉಬ್ಬಿರುತ್ತದೆ. ನಮ್ಮ ಒಂದು ಕವಡೆಯನ್ನು 100 ಸಲ ಎಸೆಸಿದರು. 38 ಸಲ ಮಾತ್ರ ಬಾಯಿ ಮೇಲೆ. ನಾಲ್ಕೂ ಕವಡೆ ಹೀಗೇ ಬೀಳುತ್ತವೆ ಎಂದುಕೊಂಡರೆ ಎಂಟು ಬೀಳುವುದು ನೂರಕ್ಕೆ ಆರು ಸಲ ಅಲ್ಲ, ಸುಮಾರು 15 ಸಲ. ಮನೆಗೆ ಬಂದು ಅಮ್ಮನಿಗೆ ಹೇಳಿದೆವು. ‘ಈ ಕವಡೇಲಿ ಎಂಟು ಜಾಸ್ತಿ ಅಂತ ನಾ ಆವಾಗ್ಲೇ ಹೇಳಿದ್ದೆ’ ಅಂದಳು.

ಸೆಕೆಂಡ್ ಪಿಯುಸಿಯಲ್ಲಿ ಬೈನಾಮಿಯಲ್ ಬಂತು, ಅಂದರೆ ಹೌದು-ಅಲ್ಲ ಎಂಬ ಪ್ರಯೋಗವನ್ನು ಹಲವು ಸಲ ಮಾಡಿದರೆ ಎಷ್ಟು ಸಲ ‘ಹೌದು’ ಬರುತ್ತದೆ ಎಂಬ ಲೆಕ್ಕ. ಈ ಸಲ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ. ಹತ್ತರಲ್ಲಿ ಒಂದು ಬಿಳಿಗೋಟು (ಕೆಳದರ್ಜೆಯ ಅಡಿಕೆ) ಇರುವ ರಾಶಿಯಿಂದ ಹತ್ತು ಅಡಿಕೆ ತೆಗೆದರೆ ಎಷ್ಟು ಬಿಳಿಗೋಟು? ಮಕ್ಕಳೆಲ್ಲ ಒಂದು ಎಂದರು. ಲೆಕ್ಕ ಮಾಡಿದರೆ ಸರಿಯಾಗಿ ಒಂದೇ ಬರುವುದು ನೂರಕ್ಕೆ 39 ಸಲ. ಒಂದೂ ಬಾರದೇ ಇರುವುದೇ 35 ಸಲ! ನಾನು ಬೆಂಚಿನಿಂದಲೇ ಹೇಳಿದೆ, ‘ಅಕ್ಕೋರೇ, ಚೀಲದ ಒಂದೇ ಮೂಲೆಯಿಂದ ಎತ್ತಿದರೆ ಈ ಲೆಕ್ಕ ಕೂಡುವುದಿಲ್ಲ. ನೀರು ತಾಗಿದ ಕಡೆ ಹಾಳಾದದ್ದೆಲ್ಲ ಒಟ್ಟಿಗೇ ಇರುತ್ತದೆ.’ ಅವರು ಪಾಠ ನಿಲ್ಲಿಸಿ ಅದನ್ನೇ ಹಲಗೆ ಮೇಲೆ ಬರೆದರು. ಒಂದರ ಪರಿಣಾಮ ಇನ್ನೊಂದಕ್ಕೆ ತಾಗಬಾರದು ಎಂಬ ಶರತ್ತು ಇದೇ ಎಂದು ಮಕ್ಕಳಿಗೆ ವಿವರಿಸಿದರು.

ಅಪರೂಪದ ಘಟನೆ ಎಷ್ಟು ಸಲ ಆಗಬಹುದು ಎಂದು ಲೆಕ್ಕ ಹಾಕುವ ಪಾಯ್ಸಾನ್‌ ಡಿಸ್ಟ್ರಿಬ್ಯೂಷನ್‌ಗೆ ಪ್ರಷ್ಯಾ ಸೈನ್ಯದ ಕಥೆ. ಕುದುರೆ ಒದ್ದು ಸತ್ತ ಸೈನಿಕರ ಲೆಕ್ಕವನ್ನು ಬೋರ್ಟ್ಕೆವಿಚ್ ಎಂಬುವರು 1898ರಲ್ಲಿ ಪ್ರಕಟಿಸಿದ್ದರಂತೆ. 10 ತುಕಡಿ, 20 ವರ್ಷ; ಒಂದು ತುಕಡಿಯ ಒಂದು ವರ್ಷಕ್ಕೆ ಒಂದು ಸಾಲಿನಂತೆ ಒಟ್ಟು 200 ಸಾಲು, 122 ಸಾವು. ಸಾಲಿಗೆ ಸರಾಸರಿ 0.61. ಒಂದೂ ಸಾವಿಲ್ಲದ ಸಾಲು 109. ಸೂತ್ರದಿಂದ ಮಗಳು ತೆಗೆದದ್ದು 108.7. ಆ ರಾತ್ರಿ ಊಟಕ್ಕೆ ಕೂತಾಗಲೂ ಅವಳಿಗೆ ಅದೇ ಮಾತು.

ಕೊರತೆಯೂ ಇದೆ. ಗಂಟೆಯಾಕಾರದ ರೇಖೆಯ ನಾರ್ಮಲ್ ಡಿಸ್ಟ್ರಿಬ್ಯೂಷನ್ ಒಂದೇ ವಾರದಲ್ಲಿ ಮುಗಿಸಿದರು. ಕೋಷ್ಟಕ ನೋಡಿ ಆ ರೇಖೆಯ ಕೆಳಗಿನ ವಿಸ್ತೀರ್ಣ ತೆಗೆಯುವುದು ಮಗಳಿಗೆ ಕೊನೆಯವರೆಗೂ ತೊಡಕಾಯಿತು. ಹಳೇ ಪ್ರಶ್ನೆಪತ್ರಿಕೆ ಬಿಡಿಸುವುದು ಕಡಿಮೆ, ಅದನ್ನು ಮನೆಯಲ್ಲೇ ಮಾಡಿಸಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಜಗಲಿ ಕತ್ತಲೆ, ಕ್ಲಾಸ್ ಅರ್ಧಕ್ಕೇ ನಿಲ್ಲುತ್ತದೆ. ಹಳ್ಳಿಯ ಬಸ್ಸಿಗೆ ಹೋಗುವ ಮಕ್ಕಳಿಗೆ ಆರು ಗಂಟೆಯ ಕ್ಲಾಸ್ ತಡವೇ.

ಫೀ ತಿಂಗಳಿಗೆ 700 ರೂಪಾಯಿ. ಪಾಠ ಕನ್ನಡದಲ್ಲಿ, ಪರೀಕ್ಷೆಗೆ ಬೇಕಾದ ಇಂಗ್ಲಿಷ್ ಹೆಸರು ಜೊತೆಗೇ ಬರೆಸುತ್ತಾರೆ. ಬರೀ ಅಂಕ ಬೇಕು, ಬೇಗ ಬೇಕು ಎನ್ನುವವರಿಗೆ ಇಲ್ಲಿ ನಿಧಾನ ಅನಿಸಬಹುದು. ನನ್ನ ಚಿಕ್ಕ ಮಗ ಇನ್ನೂ ಒಂಬತ್ತನೇ ಕ್ಲಾಸ್. ಅವನ ಹೆಸರನ್ನು ಅಕ್ಕೋರಿಗೆ ಈಗಲೇ ಹೇಳಿಟ್ಟಿದ್ದೇನೆ. ಕವಡೆ ನಾಲ್ಕೂ ಅವರ ಮನೆಯಲ್ಲೇ ಇವೆ, ಈಗಿನ ಮಕ್ಕಳು ಎಸೆಯುತ್ತಿದ್ದಾರೆ.